ಹಾರುವುದನ್ನು ಬಿಟ್ಟ ರಾಜ

ನೇಕಾರ ಗುರುಸಾಮಿ ನಲವತ್ತಾರಕ್ಕೇ ತೀರಿಹೋದ. ಹೋಗುವ ವಯಸ್ಸಲ್ಲ. ಅವನ ಮಗ್ಗದ ಮೇಲಿನ ಅಟ್ಟದಲ್ಲಿ ಒಂದು ಕಟ್ಟು ಸಿಕ್ಕಿತು. ಸೀರೆಯ ಅಂಚಿಗೆ ಚಿತ್ತಾರ ಬರೆಯುವ ಗ್ರಾಫ್ ಕಾಗದಗಳು. ಅವುಗಳಲ್ಲಿ ನವಿಲೂ ಇರಲಿಲ್ಲ, ಮಾವಿನಕಾಯಿಯೂ ಇರಲಿಲ್ಲ. ಇದ್ದದ್ದು ಅವನು ಸೋತ ಚದುರಂಗದ ಆಟಗಳು.

ಆಟ ಕಲಿಸಿದ್ದು ಅಪ್ಪ, ಮನೆಯ ತಿಣ್ಣೆಯ ಮೇಲೆ. ಆ ಆಟದಲ್ಲಿ ರಾಜನಿಗೊಂದು ಸಲುಗೆ: ಒಮ್ಮೆ ಮಾತ್ರ ಕುದುರೆಯಂತೆ ಹಾರಿ ತಪ್ಪಿಸಿಕೊಳ್ಳಬಹುದು. 1984ರಲ್ಲಿ ಪೋತ್ತನೂರು ಚದುರಂಗ ತಂಡದ ನಾಲ್ಕನೆಯ ಆಟಗಾರನ ಜಾಗಕ್ಕಾಗಿ ರೈಲ್ವೆ ಫಿಟ್ಟರ್ ಸುಬ್ಬಯ್ಯನ್ ಎದುರು ಕೂತಾಗಲೂ, ಇಕ್ಕಟ್ಟು ಬಂದೊಡನೆ ಗುರುಸಾಮಿಯ ಕೈ ತಾನಾಗಿ ರಾಜನನ್ನು ಹಾರಿಸಿಬಿಟ್ಟಿತು.

"ಏನಣ್ಣಾ, ನಿಮ್ಮ ರಾಜ ಬೇಲಿ ಹಾರ್ತಾನಾ? ಇದು ಪೋಟಿ, ತಿಣ್ಣೆ ಆಟ ಅಲ್ಲ!"

ಸುಬ್ಬಯ್ಯನ್ ಮಾತಿಗೆ ಸುತ್ತ ನಿಂತವರು ನಕ್ಕರು. ಪೋಟಿಯೆಂದರೆ ಸ್ಪರ್ಧೆ; ಅಲ್ಲಿ ರಾಜ ಹಾರುವಂತಿಲ್ಲ, ಮುಟ್ಟಿದ ಕಾಯಿಯನ್ನೇ ನಡೆಸಬೇಕು. ರಾಜನಿಗೆ ಉಳಿದಿದ್ದದ್ದು ಒಂದೇ ಮನೆ. ಅಲ್ಲಿ ಎರಡೇ ನಡೆಗೆ ಸಿಕ್ಕಿಬಿದ್ದ; ಆಟ ಹೋಯಿತು.

ಮುಂದಿನ ವರ್ಷ ಆ ಜಾಗ ತನ್ನದಾಗಲೇಬೇಕು ಎಂದು ಗುರುಸಾಮಿ ಹಟ ಹಿಡಿದ. ಪುಸ್ತಕ ತಂದು ಆರಂಭದ ನಡೆಗಳನ್ನು ಎರಡು ತಿಂಗಳು ಉರುಹೊಡೆದ. ಸೋಲು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಬಟ್ಟೆಯಲ್ಲಿ ತಪ್ಪು ಕಂಡು, ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದವನ ಕೈ ನಿಂತಿತು. ತಪ್ಪು ಕಾಣುವ ಜಾಗ ಬೇರೆ, ಎಳೆ ಹರಿದ ಜಾಗ ಬೇರೆ. ಆಟವನ್ನೂ ಹೀಗೇ ಬಿಚ್ಚಿದರೇನು?

ಅಂದಿನಿಂದ ಸೋತ ಆಟವನ್ನೆಲ್ಲ ಬರೆದಿಟ್ಟು, ಕೊನೆಯ ನಡೆಯಿಂದ ಹಿಂದಕ್ಕೆ ಹೋದ. ಹನ್ನೊಂದು ಸೋಲುಗಳಲ್ಲಿ ಎಂಟರಲ್ಲಿ ರಾಜ ಹಲಗೆಯ ನಡುವೆಯೇ ನಿಂತಿದ್ದ. ತಪ್ಪು ಬರಿ ಕೈಯದಲ್ಲ. ಹೇಗೂ ಹಾರಬಹುದೆಂಬ ಹಳೆಯ ಧೈರ್ಯದಲ್ಲಿ ಅವನು ಕೋಟೆ ಕಟ್ಟಿ ರಾಜನನ್ನು ಮೂಲೆಗೆ ಸೇರಿಸುತ್ತಲೇ ಇರಲಿಲ್ಲ.

ಎಳೆ ಹರಿದ ಜಾಗದಿಂದಲೇ ಹೆಂಡತಿ ಶಾರದಳೊಂದಿಗೆ ಅದೇ ಆಟವನ್ನು ಮತ್ತೆ ಮತ್ತೆ ಆಡಿದ. ಒಂದು ವಾರ ಬಿಳಿ ಕಾಯಿ, ಒಂದು ವಾರ ಕಪ್ಪು. ಅವನು ರಾಜನನ್ನು ಹಾರಿಸಹೋದರೆ ಅವಳು ನೂಲು ಸುತ್ತುವ ಖಾಲಿ ಕಂಡಿಕೆಯಿಂದ ಬೆರಳ ಗೆಣ್ಣಿಗೆ ತಟ್ಟುತ್ತಿದ್ದಳು.

"ನಲವತ್ತು ವರ್ಷದ ಕೈ. ಇನ್ನು ತಿದ್ದಿಕೊಳ್ತದಾ?"

"ತಿದ್ದಿಕೊಳ್ತದೆ. ನೀನು ಜೋರಾಗೇ ಹೊಡಿ."

ಮರುವರ್ಷ ಅದೇ ಜಾಗಕ್ಕೆ ಮತ್ತೆ ಸುಬ್ಬಯ್ಯನೇ ಎದುರಾದ. ಎಂಟನೆಯ ನಡೆಗೇ ಗುರುಸಾಮಿ ಕೋಟೆ ಕಟ್ಟಿದ. ಸುಬ್ಬಯ್ಯನ್ ಮಂತ್ರಿಯನ್ನೂ ಆನೆಯನ್ನೂ ನುಗ್ಗಿಸಿ ಕೆಣಕಿದ.

"ಹಾರೋ ರಾಜ ಎಲ್ಲಣ್ಣಾ?"

"ಕದ ಹಾಕ್ಕೊಂಡು ಒಳಗೆ ಕೂತಿದ್ದಾನೆ, ತಂಬಿ. ತಟ್ಟಿ ನೋಡು."

ನಾಲ್ಕು ಗಂಟೆ ನಡೆಯಿತು. ಕೊನೆಗೆ ಉಳಿದ ಒಂದೇ ಕಾಲಾಳನ್ನು ಗುರುಸಾಮಿ ಮಂತ್ರಿಯಾಗುವ ಕೊನೆಯ ಸಾಲಿನತ್ತ ಮನೆ ಮನೆಯಾಗಿ ನಡೆಸಿಕೊಂಡು ಹೋದ. ಸುಬ್ಬಯ್ಯನ್ ಸೋಲೊಪ್ಪಿ ತನ್ನ ರಾಜನನ್ನು ಮಲಗಿಸಿ ಕೈ ಚಾಚಿದ. ನಾಲ್ಕನೆಯ ಜಾಗ ಗುರುಸಾಮಿಯದಾಯಿತು.

ಕಟ್ಟಿನಲ್ಲಿರುವ ಗೆದ್ದ ಆಟ ಅದೊಂದೇ. ಹತ್ತೊಂಬತ್ತನೆಯ ನಡೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವನು ತಮಿಳಿನಲ್ಲಿ ಬರೆದಿದ್ದಾನೆ: ಇಲ್ಲಿ ಕೈ ರಾಜನ ಕಡೆಗೆ ಹೋಯಿತು. ಮುಟ್ಟಲಿಲ್ಲ.