ಇಂಚು ಮಾಸ್ತರರ ಏಳನೇ ಕಲಮು

ಸರ್ಕಾರಿ ಫಾರಂ ತುಂಬುವಾಗ ಜನ ತಮಗೆ ಅನುಕೂಲವಾಗುವ ಹಾಗೆ ಒಂದಿಷ್ಟು ಸುಳ್ಳು ಬರೆಯುವುದುಂಟು. ತಮಗೇ ನಷ್ಟವಾಗುವಂಥ ತಪ್ಪು ಬರೆದು, ಅದೇ ಸರಿ ಎಂದು ಅಧಿಕಾರಿಯ ಜೊತೆ ಜಗಳಕ್ಕೆ ನಿಂತ ಪುಣ್ಯಾತ್ಮರೆಂದರೆ ಇಂಚು ಮಾಸ್ತರರೊಬ್ಬರೇ.

ಮಾಸ್ತರರು ಎಂದರೆ ಪಾಠ ಹೇಳುವವರಲ್ಲ, ದರ್ಜಿ. ರಸ್ತೆಗೆ ಮುಖ ಮಾಡಿ ಹೊಲಿಗೆ ಅಂಗಡಿ, ಅದರ ಹಿಂದೆ ಸಂಸಾರ, ಮಹಡಿ ಮೇಲೊಂದು ಕೋಣೆ. ಆ ಕೋಣೆಯಲ್ಲಿ ನರ್ಸಿಂಗ್ ಓದುವ ಇಬ್ಬರು ಹುಡುಗಿಯರು ಬಾಡಿಗೆಗಿದ್ದರು. ಮಾಸ್ತರರ ಕೊರಳಲ್ಲಿ ಸದಾ ನೇತಾಡುತ್ತಿದ್ದ ಅರವತ್ತು ಇಂಚಿನ ಬಟ್ಟೆ ಟೇಪು ಅವರ ಗುರುಗಳು ಕೊಟ್ಟದ್ದು. ಬಣ್ಣ ಮಾಸಿ, ಅಂಚು ನಾರಾಗಿದ್ದರೂ ಅದು ಹೇಳಿದ್ದೇ ಅವರಿಗೆ ವೇದವಾಕ್ಯ. ಅದನ್ನು ನಂಬಿಯೇ ಹನ್ನೊಂದು ವರ್ಷದ ಹಿಂದೆ ಹೆಂಡತಿಯ ಒಡಹುಟ್ಟಿದ ತಮ್ಮನನ್ನು, ಅವನದೇ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳೆಲ್ಲ ಕೇಳುವ ಹಾಗೆ, "ಮೀಟರಿಗೆ ಒಂದು ಬೆರಳು ಕದೀತೀಯಲ್ಲೋ!" ಎಂದು ಜಾಡಿಸಿ ಬಂದಿದ್ದರು. ಅಂದಿನಿಂದ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಆಮೇಲೆ ಬೇರೆ ಅಂಗಡಿಗೆ ಹೋದರೆ ಅಲ್ಲೂ ಒಂದು ಬೆರಳು ಕಡಿಮೆ. ಮತ್ತೊಂದು ಅಂಗಡಿಯಲ್ಲೂ ಅಷ್ಟೇ. ಊರಿಗೆ ಊರೇ ಕಳ್ಳರದ್ದು ಎಂಬ ತೀರ್ಮಾನಕ್ಕೆ ಬಂದರೇ ಹೊರತು ಟೇಪಿನ ಮೇಲೆ ಮಹಾನುಭಾವರಿಗೆ ಅನುಮಾನವೇ ಹುಟ್ಟಲಿಲ್ಲ. ಹೆಂಡತಿ ಮಾತ್ರ ತರಕಾರಿ ತರುವ ನೆಪದಲ್ಲಿ ತಮ್ಮನ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ನಿಂತು, ಅವನನ್ನು ದೂರದಿಂದಲೇ ನೋಡಿಕೊಂಡು ಬರುತ್ತಿದ್ದಳು.

ಹೀಗಿರುವಾಗ ಹೊಸ ನಿಯಮ ಬಂತು. ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆ ಕೊಡುವವರೆಲ್ಲ ನಗರಸಭೆಯಲ್ಲಿ ನೋಂದಣಿ ಮಾಡಿಸಬೇಕು. ಇಬ್ಬರಿರುವ ಕೋಣೆ ಹನ್ನೆರಡು ಅಡಿ ಉದ್ದ ಇರಲೇಬೇಕು. ಅದಕ್ಕಿಂತ ಕಡಿಮೆಯಿದ್ದರೆ ಒಬ್ಬರಿಗೆ ಮಾತ್ರ ಅನುಮತಿ. ಮಾಸ್ತರರು ಮಂಡಿಯೂರಿ ಅಳೆದರು. ಬೇಕಾದದ್ದು ನೂರನಲವತ್ತನಾಲ್ಕು ಇಂಚು, ಸಿಕ್ಕಿದ್ದು ನೂರನಲವತ್ತೆರಡು. ಮೂರು ಸಲ ಅಳೆದರೂ ಗೋಡೆ ಜಪ್ಪಯ್ಯ ಅನ್ನಲಿಲ್ಲ.

"ನೂರನಲವತ್ತನಾಲ್ಕು ಅಂತ ಬರೀರಿ. ಎರಡಿಂಚಿಗೆ ಯಾರು ಬಂದು ನೋಡ್ತಾರೆ?" ಎಂದಳು ಹೆಂಡತಿ.

"ಈ ಟೇಪಿನಿಂದ ಒಂದು ಸುಳ್ಳು ಅಳತೆ ಹೊರಗೆ ಬಂದಿಲ್ಲ, ಬರೋದೂ ಇಲ್ಲ."

"ಪರೀಕ್ಷೆಗೆ ಎರಡು ವಾರ ಇದೆ ಕಣ್ರೀ. ಒಬ್ಬಳನ್ನ ಕಳಿಸಿದ್ರೆ ಆ ಮಗು ಈಗ ಎಲ್ಲಿಗೆ ಹೋಗ್ಬೇಕು? ನಿಮ್ಮ ಟೇಪು ಇನ್ನೂ ಎಷ್ಟು ಜನರನ್ನ ಈ ಮನೆಯಿಂದ ದೂರ ಮಾಡ್ಬೇಕು ಹೇಳಿ!"

ಮಾತು ನೆಟ್ಟಗೆ ಎದೆಗೆ ತಾಕಿತು. ಆದರೂ ಮಾಸ್ತರರು ನೂರನಲವತ್ತೆರಡು ಎಂದೇ ಬರೆದು ಸಹಿ ಹಾಕಿದರು. ಇಬ್ಬರಲ್ಲಿ ಕೊನೆಗೆ ಬಂದು ಸೇರಿದ ಕನ್ನಡಕದ ಹುಡುಗಿ ಮೂಗೊರೆಸಿಕೊಳ್ಳುತ್ತ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಆ ಎರಡು ದಿನ ಮನೆಯಲ್ಲಿ ಊಟ ಬಡಿಸುವ ಸೌಟಿಗೂ ಸಿಟ್ಟು ಬಂದಿತ್ತು.

ಮೂರನೆಯ ದಿನ ಪರಿಶೀಲನೆಗೆ ನಗರಸಭೆಯ ಇನ್ಸ್‌ಪೆಕ್ಟರಮ್ಮ ಬಂದಳು. ಉಕ್ಕಿನ ಟೇಪನ್ನು ಸರ್ರನೆ ಎಳೆದು, ನೋಡಿ, ಫಾರಂ ನೋಡಿ, ಹುಬ್ಬೇರಿಸಿದಳು.

"ನೂರನಲವತ್ತನಾಲ್ಕೂ ಚಿಲ್ಲರೆ ಇದೆಯಲ್ರೀ. ಇಬ್ಬರಿಗೂ ಆಗುತ್ತೆ."

"ಆಗಲ್ಲ ಮೇಡಂ. ನೂರನಲವತ್ತೆರಡು."

"ನಾನೇ ಅಳೆದಿದೀನಿ."

"ನಿಮ್ಮ ಟೇಪು ಸರಿ ಇಲ್ಲ. ಇನ್ನೊಂದು ಸಲ ನೋಡಿ."

ಇನ್ಸ್‌ಪೆಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಬೆಳಗಿನಿಂದ ಹದಿನಾಲ್ಕು ಮನೆ ನೋಡಿದೀನಿ. ಎಲ್ಲರೂ ಕೋಣೆ ದೊಡ್ಡದು ಅಂತ ಜಗಳ ಆಡ್ತಾರೆ. ಚಿಕ್ಕದು ಅಂತ ಆಡೋರು ನೀವೊಬ್ರೇ! ತನ್ನಿ ಇಲ್ಲಿ ನಿಮ್ಮ ಟೇಪು."

ಎರಡೂ ಟೇಪುಗಳನ್ನು ನೆಲದ ಮೇಲೆ ಅಕ್ಕಪಕ್ಕ ಹಾಸಿದಳು. ಮಾಸ್ತರರ ಅರವತ್ತು ಮುಗಿಯುವಾಗ ಉಕ್ಕಿನ ಟೇಪು ಅರವತ್ತೊಂದು ತೋರಿಸುತ್ತಿತ್ತು. ಎಳೆದೂ ಎಳೆದೂ ಬಟ್ಟೆ ಟೇಪು ಒಂದಿಂಚು ಹಿಗ್ಗಿಹೋಗಿತ್ತು. ಅದರ ಲೆಕ್ಕಕ್ಕೆ ಜಗತ್ತೆಲ್ಲ ಒಂದಿಷ್ಟು ಕಡಿಮೆಯಾಗಿಯೇ ಕಾಣುತ್ತಿತ್ತು.

ಮಾಸ್ತರರು ಟೇಪನ್ನು ನೆಲದಿಂದ ಎತ್ತಿ ಮತ್ತೆ ಕೊರಳಿಗೆ ಹಾಕಿಕೊಂಡರು. "ಮೈ ಅಳೆಯೋದೂ ಇದರಲ್ಲೇ, ಬಟ್ಟೆ ಕತ್ತರಿಸೋದೂ ಇದರಲ್ಲೇ. ಹಾಗಾಗಿ ನಾನು ಹೊಲಿದ ಬಟ್ಟೆ ಒಂದೂ ತಪ್ಪಿಲ್ಲ."

"ಬಟ್ಟೆ ತಪ್ಪಿಲ್ಲ, ಒಪ್ಪಿದೆ. ನನ್ನ ತಮ್ಮ?" ಎಂದಳು ಹೆಂಡತಿ.

ಇನ್ಸ್‌ಪೆಕ್ಟರಮ್ಮ ಫಾರಂ ಮುಂದಿಟ್ಟಳು. "ಏಳನೇ ಕಲಮು ತುಂಬಿ. ಮಾಲೀಕರ ಅಳತೆಗೂ ನಮ್ಮ ಅಳತೆಗೂ ವ್ಯತ್ಯಾಸ ಬಂದರೆ ಕಾರಣ ಬರೀಬೇಕು. ಬರೀದಿದ್ರೆ ನಿಮ್ಮ ಅಳತೆಯೇ ಗಟ್ಟಿ, ಒಬ್ಬಳು ಹೋಗ್ಬೇಕಾಗುತ್ತೆ."

ಮಾಸ್ತರರು ಪೆನ್ನು ಹಿಡಿದು ಕುಳಿತರು. ಬಾಗಿಲಲ್ಲಿ ಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದ ಕನ್ನಡಕದ ಹುಡುಗಿಯನ್ನು ನೋಡಿದರು. ಹೆಂಡತಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಕಡೆಗೆ, ಗುಂಡಿ ಹೊಲಿಯುವಷ್ಟು ನಿಧಾನವಾಗಿ ಬರೆದರು: 'ನನ್ನ ಟೇಪು ಹಿಗ್ಗಿದೆ. ಬಹಳ ವರ್ಷದಿಂದ ಹಿಗ್ಗಿದೆ. ತಪ್ಪು ನನ್ನದು.'

ಇನ್ಸ್‌ಪೆಕ್ಟರಮ್ಮ ಧಪ್ಪನೆ ಮೊಹರು ಒತ್ತಿದಳು.

"ಮೇಡಂ, ಇದರದ್ದು ಇನ್ನೊಂದು ಪ್ರತಿ ಸಿಗುತ್ತಾ?" ಎಂದಳು ಹೆಂಡತಿ. "ಮೊಹರು ಇರೋದೇ ಬೇಕು."

ಅದೇ ಸಂಜೆ ಆ ಪ್ರತಿಯನ್ನು ಸೆರಗಿನಡಿ ಹಿಡಿದು, ಗಂಡನನ್ನು ಮುಂದೆ ಮಾಡಿಕೊಂಡು ತಮ್ಮನ ಅಂಗಡಿಗೆ ನಡೆದಳು. ಈ ಸಲ ಎದುರಿನ ಫುಟ್‌ಪಾತಿನಲ್ಲಿ ನಿಲ್ಲಲಿಲ್ಲ, ಸೀದಾ ಮೆಟ್ಟಿಲು ಹತ್ತಿದಳು. ಭಾವಮೈದ ಇಬ್ಬರನ್ನೂ ನೋಡಿ ಕಲ್ಲಿನ ಹಾಗೆ ನಿಂತ. ಅಕ್ಕ ಕೊಟ್ಟ ಕಾಗದ ಓದಿದ. ಏಳನೇ ಕಲಮನ್ನು ಎರಡು ಸಲ ಓದಿದ.

"ಕ್ಷಮಾಪಣೆಗೂ ಸರ್ಕಾರಿ ಮೊಹರು ಹಾಕಿಸ್ಕೊಂಡು ಬಂದಿದೀರಲ್ಲ ಭಾವ," ಎಂದ. ನಗಲು ಹೋದವನಿಗೆ ನಗು ಬರಲಿಲ್ಲ.

ಮಾಸ್ತರರಿಗೆ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಮೇಲಿನ ಕೋಣೆ ಕಿಟಕಿಗೆ ಪರದೆ ಬೇಕು. ಎರಡು ಮೀಟರ್ ಕೊಡು," ಎಂದುಬಿಟ್ಟರು.

ಭಾವಮೈದ ನೀಲಿ ಬಟ್ಟೆ ಬಿಚ್ಚಿ, ಮೀಟರ್ ಕೋಲಿಟ್ಟು ಎರಡು ಸಲ ಅಳೆದು, ಸೀಮೆಸುಣ್ಣದ ಗೆರೆ ಎಳೆದ. ಆದರೆ ಕತ್ತರಿಯನ್ನು ಗೆರೆಯ ಮೇಲಿಡದೆ ಎರಡು ಬೆರಳು ಆಚೆಗಿಟ್ಟ.

"ಅದ್ಯಾಕೆ ಅಲ್ಲಿ?" ಎಂದರು ಮಾಸ್ತರರು.

"ಅಭ್ಯಾಸ ಆಗಿಹೋಗಿದೆ ಭಾವ. ನೀವು ಅಂದು ಹೋದ ಮೇಲೆ ಎಲ್ಲರಿಗೂ ಮೀಟರಿಗೆ ಒಂದು ಬೆರಳು ಜಾಸ್ತೀನೇ ಕೊಡ್ತಾ ಬಂದಿದೀನಿ. ಇನ್ನೊಬ್ಬರ ಬಾಯಲ್ಲಿ ಆ ಮಾತು ಕೇಳೋ ಶಕ್ತಿ ನನಗಿರಲಿಲ್ಲ."

ಮಾಸ್ತರರ ಕಣ್ಣು ತುಂಬಿ ಬಂತು. ಕತ್ತರಿ ಹಿಡಿದ ಆ ಕೈಯನ್ನು ಹಿಡಿದು, ಮೆಲ್ಲಗೆ ಗೆರೆಯ ಮೇಲಕ್ಕೆ ಸರಿಸಿದರು.

"ಇಲ್ಲೇ ಕತ್ತರಿಸೋ. ನಾನು ಅಳೆಯಲ್ಲ."