ಬಾವಿಗೆ ಮದ್ದಿಡುವವನ ವಯಸ್ಸು

ದೆವ್ವ, ಗಾಳಿ ಎಲ್ಲ ಕೆಲಸವಿಲ್ಲದವರ ಮಾತು ಎಂದು ಎದುರಿಗೇ ಹೇಳುತ್ತಿದ್ದವನು ನಾನು. ಈಗಲೂ ಆ ಮಾತನ್ನು ಪೂರಾ ಹಿಂದಕ್ಕೆ ತೆಗೆದುಕೊಳ್ಳಲು ತಯಾರಿಲ್ಲ. ನಡೆದದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬಡವನಹಳ್ಳಿಯಿಂದ ಪಾವಗಡದವರೆಗೆ, ಬಂಡೆ ಅಡ್ಡ ಬಂದ ಬಾವಿಗಳಿಗೆ ಮದ್ದಿಟ್ಟು ಸಿಡಿಸುವುದೇ ನನ್ನ ಕಸುಬು. ಎಂಬತ್ತರ ದಶಕದ ಕೊನೆಯಲ್ಲಿ, ಮದ್ದಿನ ಸದ್ದು ಹೊಗೆಗೆ ಮೆದುಳು ಸವೆಯುತ್ತದೆಯೇ ಎಂದು ನೋಡಲು ಬೆಂಗಳೂರಿನ ಡಾಕ್ಟರಮ್ಮ ಒಬ್ಬರು ನಮ್ಮನ್ನೂ, ಮದ್ದು ಮುಟ್ಟದ ರೈತರನ್ನೂ ಕರೆಸಿ ತಲೆಯ ಸ್ಕ್ಯಾನ್ ತೆಗೆಸಿದರು. "ಒಳಗೆ ಏನಾದ್ರೂ ಇದ್ರೆ ತಾನೇ ಕಣ್ಲಾ ಫೋಟೋದಾಗೆ ಕಾಣೋದು" ಎಂದು ಜೊತೆಯವರು ಗೇಲಿ ಮಾಡಿದರು. ವಯಸ್ಸಾದಂತೆ ಎಲ್ಲರ ಮೆದುಳೂ ಕುಗ್ಗುತ್ತದಂತೆ. ಅದಕ್ಕೇ ವಯಸ್ಸಿನ ಪಾಲನ್ನು ಕಳೆದು ಎರಡು ಗುಂಪನ್ನೂ ಹೋಲಿಸಬೇಕು, ಇಲ್ಲದಿದ್ದರೆ ಮುಪ್ಪಿನ ತಪ್ಪು ಮದ್ದಿನ ತಲೆಗೆ ಬರುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮನೆಯಲ್ಲಿ ಹೇಳುತ್ತಿದ್ದ ವಯಸ್ಸನ್ನೇ ನಾನೂ ಬರೆಸಿದೆ.

ಹಾಡುಹಗಲು. ಯಂತ್ರದೊಳಗೆ ತಲೆಯಿಟ್ಟು ಮಲಗಿದ್ದೆ. ಕಿವಿಯ ಪಕ್ಕದಲ್ಲೇ ಒಂದು ಎಳೆಯ ದನಿ, "ತಮ್ಮಾ, ಅಲ್ಲಾಡಬ್ಯಾಡ" ಎಂದಿತು. ನಾನು ಮನೆಗೆ ಹಿರಿಯ ಮಗ, ನನ್ನನ್ನು ತಮ್ಮಾ ಎನ್ನುವವರೇ ಇರಲಿಲ್ಲ. ಎದ್ದು ಕೇಳಿದರೆ, ಕೋಣೆಯಲ್ಲಿ ಯಾರೂ ಮಾತಾಡಲೇ ಇಲ್ಲ ಎಂದರು ಯಂತ್ರ ನಡೆಸುವವರು.

ಈ ವಯಸ್ಸಿಗೆ ನಿಮ್ಮ ಮೆದುಳು ಸರಿಯಾಗೇ ಇದೆ, ಕೆಲಸ ಮಾಡಿ ಎಂದರು ಡಾಕ್ಟರಮ್ಮ. ಗೆದ್ದವನಂತೆ ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿ ನಕ್ಕೆ. ಅವ್ವ ನಗಲಿಲ್ಲ.

"ನಿನಗಿಂತ ಮುಂಚೆ ಒಬ್ಬ ಇದ್ದ ಕಣಪ್ಪ. ಏಳೆಂಟು ವರ್ಷದೋನಾಗಿ ಹೋಗ್ಬುಟ್ಟ. ಆಮ್ಯಾಕೆ ನೀನು ಹುಟ್ಟಿದೆ. ಹೋದೋನೇ ಬಂದವ್ನೆ ಅಂತ ಅವನ ಹೆಸರೇ ಇಟ್ವಿ, ಅವನ ವಯಸ್ಸನ್ನೇ ಎಣಿಸ್ಕಂಡು ಬಂದ್ವಿ."

ಸುಮ್ಮನಿದ್ದಿದ್ದರೆ ಕಸುಬು ಉಳಿಯುತ್ತಿತ್ತು. ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿ ಹೋಗಿ, ಅವ್ವ ಹೇಳಿದ್ದನ್ನು ಡಾಕ್ಟರಮ್ಮನಿಗೆ ತಿಳಿಸಿದೆ. ನಿಜವಾದ ಚಿಕ್ಕ ವಯಸ್ಸು ಬರೆದರೆ, ಆ ವಯಸ್ಸಿಗೆ ಮೀರಿ ಮೆದುಳು ಸವೆದಿದೆ ಎಂದಾಗುತ್ತದೆ, ಮದ್ದಿನ ಕೆಲಸ ಬಿಡಿ ಎನ್ನಬೇಕಾಗುತ್ತದೆ ಎಂದರು ಡಾಕ್ಟರಮ್ಮ.

"ಬರ್ಕಳ್ಳಿ ಅಮ್ಮ. ನಾನು ಬದುಕಿರೋದು ಇಷ್ಟೇ ವರ್ಷ. ಸತ್ತೋನ ವಯಸ್ಸು ಹೊತ್ಕಂಡು ಮದ್ದಿಡೋ ನಮ್ಮೋರ ಲೆಕ್ಕ ಯಾಕೆ ಕೆಡಿಸ್ಲಿ?" ಎಂದೆ.

ಮದ್ದು ಬಿಟ್ಟೆ. ಹಾರೆ ಹಿಡಿದು ಅಗೆದೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಆ ದನಿಯ ಮಾತೆತ್ತಿದರೆ, ಸವೆದ ಮೆದುಳಿನ ಚೇಷ್ಟೆ ಎನ್ನುತ್ತಾರೆ ಓದಿದವರು. ಅನ್ನಲಿ. ನಾನು ಹುಟ್ಟುವ ಮೊದಲೇ ಹೋದ ಅಣ್ಣನ ಸಂಗತಿಯನ್ನು, ಅವ್ವ ನನಗೆ ಹೇಳುವುದಕ್ಕಿಂತ ಮುಂಚೆ, ಆ ಸವೆದ ಮೆದುಳಿಗೆ ಹೇಳಿದವರು ಯಾರು? ಅದನ್ನು ಹೇಳಬಲ್ಲವರು ನನಗಿನ್ನೂ ಸಿಕ್ಕಿಲ್ಲ.