ಕ್ಲಬ್ಬಿನ ಚರಿತ್ರೆಯಲ್ಲಿ ಚನ್ನವೀರ

ನನ್ನ ಗಂಡ ಚನ್ನವೀರ ಒಂದು ದಿನವೂ ಆ ಚೆಂಡನ್ನು ಒದ್ದವರಲ್ಲ. ಆದರೂ ಅಮೆರಿಕದ ಫೋರ್ ಎಸ್ ರ್ಯಾಂಚಿನ ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬು ಎದ್ದು ನಿಂತದ್ದು ಇವರಿಂದ. ಹೆಂಡತಿ ಹೇಳಿದರೆ ಜಂಬ ಅನ್ನುತ್ತಾರೆ, ಅನ್ನಲಿ. ಕ್ಲಬ್ಬು ತನ್ನ ಐದು ವರ್ಷದ ಚರಿತ್ರೆಯನ್ನು ಪುಸ್ತಕ ಮಾಡುತ್ತದೆ ಎಂದಾಗ ನನಗೆ ಬೇಕಾಗಿದ್ದು ಒಂದೇ: ಅದರಲ್ಲಿ ಇವರ ಹೆಸರು.

ಧಾರವಾಡದ ಇವರಿಗೆ ಈ ಹುಚ್ಚು ಹಿಡಿದದ್ದು ಮೆಲ್ಬರ್ನಿನಲ್ಲಿ ಕೆಲಸಕ್ಕಿದ್ದಾಗ. ಇಲ್ಲಿಗೆ ಬಂದ ಮೇಲೆ, 2020ರಲ್ಲಿ, ಆಫೀಸು ಮನೆಯೊಳಗೇ ಬಂದು ಕೂತ ಕಾಲದಲ್ಲಿ, ಪಾರ್ಕಿನಲ್ಲಿ ಮೊಟ್ಟೆಯಾಕಾರದ ಚೆಂಡು ಒದೆಯುತ್ತಿದ್ದ ಗ್ಲೆನ್ ಎಂಬ ಆಸ್ಟ್ರೇಲಿಯದವನನ್ನು ಕಂಡು ಇವರೇ ಹೋಗಿ ಮಾತಾಡಿಸಿದರು. ಕ್ಲಬ್ಬು ಹುಟ್ಟಿತು. ಗ್ಲೆನ್ ಅಧ್ಯಕ್ಷನಾದ. ಪಾರ್ಕಿನ ಪರ್ಮಿಟ್ಟಿಗೆ ಅಪ್ಲೈ ಮಾಡುವುದು, ಶನಿವಾರ ಬೆಳಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ನೀರು ಹೊರುವುದು ಇವರ ಪಾಲಿಗೆ ಬಂತು. ಆಟ ಶುರುವಾದರೆ ಬಿಳಿ ಕೋಟು ಹಾಕಿಕೊಂಡು, ಎರಡು ಬಾವುಟ ಹಿಡಿದು ಗೋಲ್ ಕಂಬಗಳ ಹತ್ತಿರ ಅಂಪೈರಾಗಿ ನಿಲ್ಲುತ್ತಿದ್ದರು. ಗೋಲಾದರೆ ಎರಡನ್ನೂ ಬೀಸಬೇಕು, ಆರು ಪಾಯಿಂಟು. ಚೆಂಡು ಕಂಬಕ್ಕೆ ತಾಗಿದರೆ ಒಂದೇ ಬಾವುಟ, ಒಂದೇ ಪಾಯಿಂಟು. ಆ ಕೋಟು ಒಗೆದೂ ಒಗೆದೂ ನನಗೆ ಸಾಕಾಗಿತ್ತು.

2023ರ ಫೈನಲ್ ಲಾಸ್ ಏಂಜಲೀಸ್ ಕಡೆಯ ತಂಡದ ಮೇಲೆ, ವುಡ್‌ಲ್ಯಾಂಡ್ ಹಿಲ್ಸಿನಲ್ಲಿ. ನಾವು ನಾಲ್ಕು ಪಾಯಿಂಟು ಹಿಂದಿದ್ದೆವು. ಕೊನೆಯ ಕ್ಷಣದಲ್ಲಿ ನಮ್ಮವನು ಒದ್ದ ಚೆಂಡು ಕಂಬದ ಪಕ್ಕದಲ್ಲೇ ಸರಕ್ಕನೆ ಒಳಗೆ ಹೋಯಿತು. ತಾಗಲಿಲ್ಲ. ಇವರು ಎರಡೂ ಬಾವುಟ ಎತ್ತಲು ಹೊರಟರು. ಅಷ್ಟರಲ್ಲಿ ದೂರವಿದ್ದ ಮುಖ್ಯ ಅಂಪೈರ್ ಓಡಿ ಬಂದು, ಕಂಬಕ್ಕೆ ತಾಗಲಿಲ್ಲ ತಾನೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಯೆಸ್” ಅಂದರು ಇವರು.

ನಾವೆಲ್ಲ ಹಾಗೇ ಅಲ್ಲವೇ ಹೇಳುವುದು? ಊಟ ಆಗಿಲ್ವಾ ಅಂದರೆ ಹೌದು, ಆಗಿಲ್ಲ ಅನ್ನುತ್ತೇವೆ. ಅವನಿಗೆ ಅದು ‘ಹೌದು, ತಾಗಿತು’ ಎಂದು ಕೇಳಿಸಿತು. ಒಂದು ಬೆರಳೆತ್ತಿ ತಿರುಗಿ ನಡೆದೇಬಿಟ್ಟ. ಅಂಪೈರಿಗೆ ಎದುರಾಡಬಾರದೆಂಬ ರೂಲು ಇವರಿಗೆ ಬಾಯಿಪಾಠ. ತೆರೆದ ಬಾಯಿ ಮುಚ್ಚಿಕೊಂಡು ಒಂದೇ ಬಾವುಟ ಬೀಸಿದರು. ಮೂರು ಪಾಯಿಂಟಿನಿಂದ ಸೋತೆವು.

ಕ್ಲಬ್ಬಿನವರು ಬೈಯಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಅದೇ. ಬಾವುಟಗಳು ಸದ್ದಿಲ್ಲದೆ ಬೇರೆಯವರ ಕೈಗೆ ಹೋದವು, ಸುಣ್ಣದ ಗೆರೆ ಮಾತ್ರ ಇವರಿಗೇ ಉಳಿಯಿತು.

ಚರಿತ್ರೆ ಬರೆಯಲು ಯಾರಿಗೂ ಪುರುಸೊತ್ತಿಲ್ಲದೆ ಗ್ಲೆನ್ ಅದನ್ನೂ ಇವರ ತಲೆಗೇ ಕಟ್ಟಿದ. ಆರು ತಿಂಗಳು ಕೂತು ಬರೆದರು. ಮೊದಲ ಗೋಲು ಯಾರದು, ಮೊಣಕಾಲು ಮುರಿದದ್ದು ಯಾರದು, ಎಲ್ಲ ಇತ್ತು. ಗೆರೆ ಎಳೆದವರ ಸುದ್ದಿಯೇ ಇಲ್ಲ. ಫೈನಲ್ಲಿನ ಪುಟದಲ್ಲಿ ಮಾತ್ರ ಒಂದು ಸಾಲು: ಅದು ಗೋಲೇ ಆಗಿತ್ತು, ತಪ್ಪು ಚನ್ನವೀರನದು.

“ನಿಮ್ಮ ಹೆಸರು ಬರ್ಯಾಕ ಇದೊಂದ ಜಾಗಾ ಸಿಕ್ತೇನ್ರಿ?” ಅಂದೆ.

“ಬರ್ಯಾಕ ಕುಂತು ನನ್ನ ನಾನ ಹೊಗಳಿಕೊಳ್ಳಲೇನು? ಖರೇ ಏನೈತಿ ಅದನ್ನ ಬರದೀನಿ” ಅಂದರು. ನಾಚಿಕೆಯ ಮನುಷ್ಯನನ್ನು ಕಟ್ಟಿಕೊಂಡು ನಾನು ಏನು ಹೇಳಲಿ! ಹಾಳಾಗಲಿ, ಹೆಸರಾದರೂ ಇದೆಯಲ್ಲ ಎಂದುಕೊಂಡೆ.

ಪುಸ್ತಕದ ಬಿಡುಗಡೆ ಹತ್ತಿರದ ಕಾರ್ಮೆಲ್ ವ್ಯಾಲಿಯ ಒಂದು ಸಭಾಂಗಣದಲ್ಲಿ. ಗ್ಲೆನ್ ಇವರ ಹೆಗಲು ತಬ್ಬಿ, “ಆ ಸಾಲು ನಾನೇ ತೆಗೆದುಹಾಕಿದೆ, ಚನ್. ನಿನ್ನ ಮರ್ಯಾದೆ ನಮಗೆ ಮುಖ್ಯ” ಎಂದ. ಇವರು ಥ್ಯಾಂಕ್ಸ್ ಅಂದರು.

ನಾನು ಪುಸ್ತಕವನ್ನು ಎರಡು ಸಲ ತಿರುವಿಹಾಕಿದೆ. ಗ್ಲೆನ್ ಸಾಕಿದ ನಾಯಿಯ ಹೆಸರೂ ಇದೆ. ಚನ್ನವೀರ ಎಲ್ಲೂ ಇಲ್ಲ. ಬರೆದವರು ಎಂಬಲ್ಲಿ ‘ಕ್ಲಬ್ ಸಮಿತಿ’ ಎಂದಿದೆ. ಕೋಪದಲ್ಲಿ ಇವರನ್ನು ಹುಡುಕಿದರೆ, ಒಂದು ಪ್ರತಿ ಹಿಡಿದು, ಗ್ಲೆನ್‌ನ ಸಹಿ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದರು.